ಸಂಬಳದಲ್ಲಿ ಇಎಸ್‌ಐ ಹಣ ಹಿಡಿದಿದ್ದಾರೆ ಎಂದು ನಂಬಿ ಕೂರಬೇಡಿ

ನನ್ನ ತಿಂಗಳ ಸಂಬಳ 18,000 ರೂಪಾಯಿ. ಸಂಬಳದ ಚೀಟಿಯಲ್ಲಿ ‘ಇಎಸ್‌ಐ 135’ ಎಂಬ ಕಡಿತದ ಸಾಲು ಒಂದು ತಿಂಗಳೂ ತಪ್ಪಿದ್ದಿಲ್ಲ. ಆ ಸಾಲನ್ನೇ ನಂಬಿಕೊಂಡಿದ್ದೆ. ಇಎಸ್‌ಐ ಎಂದರೆ ನೌಕರರ ರಾಜ್ಯ ವಿಮೆ, ನೌಕರನಿಗೂ ಅವನನ್ನು ಅವಲಂಬಿಸಿದ ಮನೆಯವರಿಗೂ ಚಿಕಿತ್ಸೆ ಕೊಡುವ ಯೋಜನೆ.

ಫೆಬ್ರುವರಿಯಲ್ಲಿ ಅಮ್ಮನಿಗೆ ಪಿತ್ತಕೋಶದ ಕಲ್ಲಿನ ನೋವು ಬಂತು. ರಾತ್ರಿಯಿಡೀ ಒದ್ದಾಡಿದವಳನ್ನು ಬೆಳಿಗ್ಗೆ ಇಎಸ್‌ಐ ಆಸ್ಪತ್ರೆಗೆ ಕರೆದೊಯ್ದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ನನ್ನ ಹತ್ತು ಅಂಕಿಯ ವಿಮಾ ಸಂಖ್ಯೆಯನ್ನು ಎರಡು ಸಲ ಒತ್ತಿ ನೋಡಿ, ಕಂಪ್ಯೂಟರ್ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ‘ವಂತಿಗೆ ಬಂದಿಲ್ಲ ಸರ್, ಅರ್ಹತೆ ಇಲ್ಲ ಎಂದು ತೋರಿಸುತ್ತಿದೆ.’ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರೂ ತಿಂಗಳ ಎದುರು ಸೊನ್ನೆ. ಹಿಂದೆ ಬೆಂಚಿನ ಮೇಲೆ ಹೊಟ್ಟೆ ಹಿಡಿದು ಕೂತಿದ್ದ ಅಮ್ಮ, ‘ಚೀಟಿ ಕೊಟ್ಟರೇನಪ್ಪಾ?’ ಎಂದು ಕೇಳುತ್ತಿದ್ದಳು.

ನೌಕರನ ಪಾಲು ಸಂಬಳದ ಶೇ 0.75, ಮಾಲೀಕನದು ಶೇ 3.25. ಎರಡನ್ನೂ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕಾದವನು ಮಾಲೀಕ. ನಮ್ಮ ಕಾರ್ಖಾನೆಯವರು ನನ್ನ 135 ರೂಪಾಯಿಯನ್ನು ಹಿಡಿದುಕೊಂಡರು, ತಮ್ಮ 585 ಸೇರಿಸಲಿಲ್ಲ, ಕಟ್ಟಲೂ ಇಲ್ಲ. ಇದು ಕಳ್ಳತನ, ಬೇರೆ ಹೆಸರು ನನಗೆ ಹೊಳೆಯುತ್ತಿಲ್ಲ.

ಮೋಸ ತಡವಾಗಿ ಬಯಲಾಗುವುದೇ ಇದರಲ್ಲಿನ ದೊಡ್ಡ ಅಪಾಯ. ಏಪ್ರಿಲ್–ಸೆಪ್ಟೆಂಬರ್ ವಂತಿಗೆಗೆ ಸೌಲಭ್ಯ ಸಿಗುವುದು ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್–ಮಾರ್ಚ್‌ನದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ಹಾಗಾಗಿ ಡಿಸೆಂಬರ್‌ನಲ್ಲಿ, ಹಳೆಯ ವಂತಿಗೆಯ ಬಲದ ಮೇಲೆ, ಇದೇ ಸಂಖ್ಯೆ ತೋರಿಸಿ ಕೆಮ್ಮಿಗೆ ಔಷಧಿ ತಂದಿದ್ದೆ, ಯಾರೂ ಏನೂ ಅನ್ನಲಿಲ್ಲ. ಕಾರ್ಡು ಹೊಸ ವರ್ಷಕ್ಕೆ ಸತ್ತುಹೋಗಿತ್ತು.

ಶಸ್ತ್ರಚಿಕಿತ್ಸೆ ಖಾಸಗಿ ಆಸ್ಪತ್ರೆಯಲ್ಲಿ ಆಯಿತು, ಅಮ್ಮನ ಬಳೆಗಳನ್ನು ಅಡವಿಟ್ಟು. ಅವಳು ಈಗ ಚೆನ್ನಾಗಿದ್ದಾಳೆ.

ದಯವಿಟ್ಟು ಇವತ್ತೇ ಇಎಸ್‌ಐ ಜಾಲತಾಣದಲ್ಲಿ ನಿಮ್ಮ ವಿಮಾ ಸಂಖ್ಯೆಯಿಂದ ಒಳಹೋಗಿ ವಂತಿಗೆಯ ವಿವರ ತೆರೆಯಿರಿ. ಪ್ರತಿ ತಿಂಗಳ 15 ಕಳೆದ ಮೇಲೆ ಮತ್ತೆ ನೋಡಿ. ಒಂದು ತಿಂಗಳು ಖಾಲಿ ಕಂಡರೂ ಮಾಲೀಕರನ್ನು ಬರವಣಿಗೆಯಲ್ಲಿ ಕೇಳಿ, ಉತ್ತರ ಬಾರದಿದ್ದರೆ ಇಎಸ್‌ಐ ಪ್ರಾದೇಶಿಕ ಕಚೇರಿಗೆ ದೂರು ಕೊಡಿ. ಮಾಲೀಕ ಕಟ್ಟದೆ ನೌಕರನಿಗೆ ಸೌಲಭ್ಯ ತಪ್ಪಿದರೆ, ಯೋಜನೆ ನಡೆಸುವ ಇಎಸ್‌ಐ ನಿಗಮವೇ ಅದನ್ನು ಕೊಟ್ಟು ಮಾಲೀಕನಿಂದ ವಸೂಲಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ನನಗೆ ಇದು ಗೊತ್ತಾದದ್ದು ಬಳೆಗಳು ಹೋದ ಮೇಲೆ.

ಸಂಬಳದ ಚೀಟಿಗಳನ್ನು ಎಸೆಯಬೇಡಿ. ದೂರು ಕೊಡಲು ಹೋದಾಗ ಮೊದಲು ಕೇಳಿದ್ದು ಅವನ್ನೇ. ಆರು ತಿಂಗಳಲ್ಲಿ ನನ್ನ ಹತ್ತಿರ ಉಳಿದಿದ್ದವು ನಾಲ್ಕು.