ಮಾಗಡಿ ಕೆರೆ ಕಡೆ ಹೊತ್ತುಕೊಂಡು ಹೋದ ಮೂರು ಒಲೆಗಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕ್ಯಾಸೆಟ್ ಒಲೆಗೆ. ಸೂಟ್‌ಕೇಸಿನಂಥ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಪಕ್ಕದ ಗೂಡಿನಲ್ಲಿ ಉದ್ದನೆಯ ಗ್ಯಾಸ್ ಕ್ಯಾನ್ ಮಲಗಿಸಿ ಹಚ್ಚುವ ಒಲೆ, ಅದು. ಅದನ್ನೇ ಮೊದಲು ಕೊಂಡಿದ್ದರೆ ಸಾವಿರದೈನೂರು ರೂಪಾಯಿ ಮತ್ತು ನನ್ನ ಎಡಗಡೆಯ ಹುಬ್ಬು ಎರಡೂ ಉಳಿಯುತ್ತಿದ್ದವು.

ನಾವು ನಾಲ್ಕು ಮಂದಿ ಹುಬ್ಬಳ್ಳಿಯವರು. ನವೆಂಬರಿನಿಂದ ಫೆಬ್ರುವರಿವರೆಗೆ ತಿಂಗಳಿಗೆ ಎರಡೋ ಮೂರೋ ರವಿವಾರ ನಸುಕಿನಲ್ಲೇ ಬೈಕ್ ಹತ್ತಿ ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಕಡೆ ಹೊರಡುತ್ತೇವೆ. ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಪಟ್ಟೆ ತಲೆ ಹೆಬ್ಬಾತುಗಳು ಬಂದಿರುತ್ತವೆ. 2024ರಲ್ಲಿ ಈ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹಕ್ಕಿಗಳು ಹೊಲಕ್ಕೂ ಕೆರೆಗೂ ಹಿಂಡು ಹಿಂಡಾಗಿ ಹಾರಾಡುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕೆರೆ ದಂಡೆಯಲ್ಲಿ ಒಲೆ ಹಚ್ಚುವ ಕೆಲಸ ನಾವು ಮಾಡುವುದಿಲ್ಲ. ಅಲ್ಲಿಂದ ಸ್ವಲ್ಪ ದೂರದಲ್ಲಿ ಗೆಳೆಯನ ಮಾವನ ಹೊಲ ಇದೆ. ಅಲ್ಲಿನ ಬೇವಿನ ಗಿಡದ ಕೆಳಗೆ ಎರಡು ಸಲ ಚಹಾ, ಒಂದು ಸಲ ಉಪ್ಪಿಟ್ಟು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮನೆಯಿಂದಲೇ ಬಂದಿರುತ್ತವೆ. ನಮ್ಮ ಅಡುಗೆ ಇಷ್ಟೇ. ಮುಂದಿನ ಲೆಕ್ಕವೆಲ್ಲಾ ಇದರ ಮೇಲೆಯೇ ನಿಂತಿದೆ.

ನಾನು ಮೊದಲು ಕೊಂಡದ್ದು ಅಂಗೈಯಲ್ಲಿ ಹಿಡಿಸುವ ಮಡಚುವ ಬರ್ನರ್. 750 ರೂಪಾಯಿ. ಮೂರು ಕಾಲು ಬಿಚ್ಚಿ, ಗುಂಡನೆಯ ಗ್ಯಾಸ್ ಡಬ್ಬಿಯ ತಲೆಗೆ ತಿರುಪಿದರೆ ಒಲೆ ರೆಡಿ. ಜೇಬಿನಲ್ಲಿ ಇಟ್ಟುಕೊಳ್ಳಬಹುದು. ನೋಡಿದವರೆಲ್ಲಾ ಕೈಗೆ ತಗೊಂಡು ಆಟ ಆಡಿದರು. ತೊಂದರೆ ಶುರುವಾದದ್ದು ಡಬ್ಬಿಯಿಂದ. ಅದಕ್ಕೆ ತಿರುಪಿನ ಬಾಯಿಯ ಡಬ್ಬಿಯೇ ಬೇಕು. ಹುಬ್ಬಳ್ಳಿಯಲ್ಲಿ ನಾನು ಸುತ್ತಿದ ಅಂಗಡಿಗಳಲ್ಲಿ ಅದು ಸಿಗಲಿಲ್ಲ. ಆನ್‌ಲೈನಿನಲ್ಲಿ ತರಿಸಿದೆ. 230 ಗ್ರಾಂಗೆ 480 ರೂಪಾಯಿ! ಕ್ಯಾಸೆಟ್ ಒಲೆಯ 220 ಗ್ರಾಂ ಕ್ಯಾನು ಮಾತ್ರ ಇಲ್ಲೇ 140ಕ್ಕೆ ಸಿಗುತ್ತಿತ್ತು. ಒಂದು ಅಂಗಡಿಯವರು ನನ್ನ ಸಪ್ಪೆ ಮುಖ ನೋಡಿ ಒಂದು ಅಡಾಪ್ಟರ್ ತೆಗೆದು ಮುಂದಿಟ್ಟರು. "ಇದನ್ನ ಹಾಕ್ರಿ ಸರ, ಯಾವ ಕ್ಯಾನ್ ಆದ್ರೂ ನಡೀತೈತಿ." 350 ರೂಪಾಯಿ ಕೊಟ್ಟು ತಂದೆ.

ಇದರ ಕಥೆ ಸ್ವಲ್ಪ ಉದ್ದ ಇದೆ. ಅಡಾಪ್ಟರಿಗೆ ಮೂರು ಸಣ್ಣ ಕಾಲು. ಉದ್ದನೆಯ ಕ್ಯಾನನ್ನು ನೆಲದ ಮೇಲೆ ಅಡ್ಡ ಮಲಗಿಸಿ, ಅದರ ಮೂತಿಗೆ ಅಡಾಪ್ಟರ್ ಸಿಕ್ಕಿಸಿ, ಮೇಲೆ ಬರ್ನರ್ ತಿರುಪಬೇಕು. ಹಾಗೇ ಮಾಡಿದೆ. ಹತ್ತು ಸೆಕೆಂಡು ಚೆಂದದ ನೀಲಿ ಉರಿ. ಆಮೇಲೆ ಬುಸ್ ಬುಸ್ ಎಂದಿತು. ಬಗ್ಗಿ ನೋಡಿದೆ. ಮೊಳದುದ್ದ ಹಳದಿ ಉರಿ ಒಮ್ಮೆಲೇ ಮೇಲೆದ್ದಿತು. ಗುಂಡಿ ತಿರುಗಿಸಿ ಬಂದ್ ಮಾಡಿದರೂ ಸ್ವಲ್ಪ ಹೊತ್ತು ಉರಿಯುತ್ತಲೇ ಇತ್ತು. ಹುಬ್ಬು ಸುಟ್ಟ ವಾಸನೆ, ಪಾತ್ರೆಯ ತಳ ಮಸಿ. ಗೆಳೆಯ ದೂರ ನಿಂತು ಕೂಗಿದ: "ಲೇ, ಒಲಿ ಹಚ್ಚಿದಿಯೋ, ಕಾಮದಹನ ಮಾಡಾಕತ್ತೀಯೋ?"

ಮನೆಗೆ ಬಂದು ಓದಿದ ಮೇಲೆ ಕಾರಣ ತಿಳಿಯಿತು. ಆ ಕ್ಯಾನಿನ ಮೂತಿಯ ಸುತ್ತಲಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಒಳಗೆ ಒಂದು ಬಾಗಿದ ಕೊಳವೆ ಇದ್ದು, ಅದರ ತುದಿ ಆ ಕಚ್ಚಿನ ಕಡೆಗೇ ಇರುತ್ತದೆ. ಕಚ್ಚು ಮೇಲ್ಮುಖವಾಗಿ ಮಲಗಿಸಿದರೆ ಕೊಳವೆಯ ತುದಿ ಒಳಗೆ ದ್ರವವಾಗಿರುವ ಬ್ಯೂಟೇನ್ ಗ್ಯಾಸಿನ ಮೇಲೆ ನಿಲ್ಲುತ್ತದೆ, ಬರೀ ಆವಿ ಹೊರಬರುತ್ತದೆ. ಕಚ್ಚು ಕೆಳಗಾದರೆ ತುದಿ ದ್ರವದಲ್ಲಿ ಮುಳುಗುತ್ತದೆ, ಬ್ಯೂಟೇನ್ ನೀರಿನ ಹಾಗೆ ಹರಿದು ಬಂದು ಬರ್ನರಿನಲ್ಲಿ ಭುಗಿಲೇಳುತ್ತದೆ. ನಾನು ಕಚ್ಚನ್ನು ಕೆಳಗೆ ಮಾಡಿದ್ದೆ. ಕ್ಯಾಸೆಟ್ ಒಲೆಯ ಗೂಡಿನಲ್ಲಿ ಈ ಕಚ್ಚಿಗೆ ಸರಿಯಾಗಿ ಒಂದು ನಾಲಿಗೆ ಇದೆ. ತಪ್ಪಾಗಿ ಇಟ್ಟರೆ ಕ್ಯಾನ್ ಬಿಗಿಯುವ ಸನ್ನೆಕೋಲು ಕೆಳಗೆ ಇಳಿಯುವುದೇ ಇಲ್ಲ. ನನ್ನ ಅಡಾಪ್ಟರಿನಲ್ಲಿ ಹಾಗೆ ತಡೆಯುವ ಯಾವುದೂ ಇರಲಿಲ್ಲ. ಹೇಗೆ ಇಟ್ಟರೂ ಕೂರುತ್ತದೆ. ಅದು ಬಂದ ಪೆಟ್ಟಿಗೆಯಲ್ಲಿ ಸೂಚನೆಯ ಒಂದು ಚೀಟಿಯೂ ಇರಲಿಲ್ಲ.

ಸರಿ, ಇನ್ನು ಮುಂದೆ ಕಚ್ಚು ಮೇಲೆ ಎಂದು ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿಕೊಂಡೆ. ಎರಡನೇ ಸಲ ಚೆನ್ನಾಗಿಯೇ ಉರಿಯಿತು. ಸಂಜೆ ಮನೆಗೆ ಬಂದು, ಅಡಾಪ್ಟರ್ ಬಿಚ್ಚುವುದನ್ನು ಮರೆತು ಹಿತ್ತಲಲ್ಲಿ ಇಟ್ಟೆ. ಬೆಳಿಗ್ಗೆ ಎತ್ತಿದರೆ ಕ್ಯಾನು ಹಗುರ. ಸೋಪಿನ ನೀರು ಹಚ್ಚಿ ನೋಡಿದೆ, ರಬ್ಬರ್ ವಾಷರಿನ ಹತ್ತಿರ ಗುಳ್ಳೆಗಳು. ಮನೆಯೊಳಗೆ ಇಟ್ಟಿದ್ದರೆ? ಅಂದಿನಿಂದ ಅದನ್ನು ಮುಟ್ಟಿಲ್ಲ.

ಸಿಟ್ಟಿನಲ್ಲಿ ಹೋಗಿ ಕ್ಯಾಸೆಟ್ ಒಲೆ ತಂದೆ, 1,900 ರೂಪಾಯಿ. ಆಮೇಲೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಕ್ಯಾನ್ ತೂಗಿ ತೂಗಿ ಒಂದು ಪರೀಕ್ಷೆ ಮಾಡಿದೆ. ಒಂದು ಲೀಟರ್ ನೀರು ಕುದಿಸಲು ಮನೆಯಲ್ಲಿ ಎರಡೂ ಒಲೆಗಳಿಗೆ 15 ಗ್ರಾಂ ಆಸುಪಾಸು ಗ್ಯಾಸ್ ಹೋಯಿತು. ಅಂದರೆ ಶಾಖದಲ್ಲಿ ಅರ್ಧ ನೀರಿಗೆ, ಅರ್ಧ ಗಾಳಿಗೆ. ಹೊಲದಲ್ಲಿ ಲೆಕ್ಕವೇ ಬೇರೆ. ಬಯಲು ಸೀಮೆಯ ಬೆಳಗಿನ ಗಾಳಿ ಗೊತ್ತಲ್ಲ, ಗದಗಿನ ಕಡೆ ಗಾಳಿಯಿಂದ ಕರೆಂಟ್ ಮಾಡುವ ಫ್ಯಾನ್ ಸುಮ್ನೆ ನಿಲ್ಲಿಸಿಲ್ಲ. ಕ್ಯಾಸೆಟ್ ಒಲೆಗೆ ಅದೇ ಒಂದು ಲೀಟರಿಗೆ 30 ಗ್ರಾಂ ಬೇಕಾಯಿತು. ಎಣ್ಣೆ ಡಬ್ಬಿಯ ತಗಡನ್ನು ಮಡಚಿ ಮೂರು ಕಡೆ ನಿಲ್ಲಿಸಿದ ಮೇಲೆ 19ಕ್ಕೆ ಇಳಿಯಿತು. ಪುಟ್ಟ ಬರ್ನರ್, ತಿರುಪಿನ ಡಬ್ಬಿಯ ಮೇಲೆ, 36 ಗ್ರಾಂ ಕುಡಿದರೂ ನೀರು ಮಳ್ಳಲಿಲ್ಲ. ಅದರ ಸುತ್ತ ತಗಡು ಕಟ್ಟೋಣವೆಂದರೆ ಡಬ್ಬಿ ಉರಿಯ ಕೆಳಗೇ ಇದೆ, ಕಾದುಬಿಡುತ್ತದೆ. ಅದು ಅಪಾಯ.

ಖರ್ಚಿನ ಮಾತಿಗೆ ಬರೋಣ. ನಮ್ಮ ಒಂದು ರವಿವಾರಕ್ಕೆ ತಗಡು ಇಟ್ಟುಕೊಂಡರೆ ಸುಮಾರು 70 ಗ್ರಾಂ ಗ್ಯಾಸ್ ಹೋಗುತ್ತದೆ. ಕ್ಯಾಸೆಟ್ ಕ್ಯಾನಿನಲ್ಲಿ 45 ರೂಪಾಯಿ. ತಿರುಪಿನ ಡಬ್ಬಿಯಲ್ಲಿ ಅಷ್ಟೇ ಗ್ಯಾಸಿಗೆ 146. ನಾಲ್ಕು ಮಂದಿಯ ಚಹಾ ಉಪ್ಪಿಟ್ಟಿಗೆ 146 ರೂಪಾಯಿ ಬರೀ ಉರಿಗೆ ಕೊಡುವುದಾದರೆ ಲಕ್ಷ್ಮೇಶ್ವರದ ಹೋಟೆಲಿನಲ್ಲಿ ಕೂತು ತಿನ್ನುವುದೇ ಲೇಸು.

ಮೂರನೆಯದು ಛೋಟು, ಇಂಡಿಯನ್ ಆಯಿಲ್‌ನ 5 ಕೆಜಿ ಸಿಲಿಂಡರ್. ಗುರುತಿನ ಚೀಟಿ ಇದ್ದರೆ ಸಾಕು, ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ. ಇದು ನಮ್ಮ ಗುಂಪಿನ ಇನ್ನೊಬ್ಬನದು. ಖರ್ಚಿನಲ್ಲಿ ಇದನ್ನು ಸೋಲಿಸುವುದು ಯಾವ ಕ್ಯಾನಿಗೂ ಸಾಧ್ಯವಿಲ್ಲ. ಅವನು ತುಂಬಿಸಿದಾಗ 550 ರೂಪಾಯಿ ಆಗಿತ್ತು. ನಮ್ಮ 70 ಗ್ರಾಂಗೆ ಎಂಟು ರೂಪಾಯಿಯೂ ಬೀಳುವುದಿಲ್ಲ. ಮೇಲೆ ಕೂರುವ ಬರ್ನರ್ ದೊಡ್ಡದು, ಗಾಳಿಗೆ ಅಷ್ಟು ಬೇಗ ಬಗ್ಗುವುದಿಲ್ಲ. ಆದರೆ ತುಂಬಿದ ಸಿಲಿಂಡರ್ ಹನ್ನೆರಡು ಕೆಜಿ ಹತ್ತಿರ ತೂಗುತ್ತದೆ. ಬೈಕಿನಲ್ಲಿ ಹಿಂದೆ ಕೂತವನು ಹುಬ್ಬಳ್ಳಿಯಿಂದ ಅದನ್ನು ತಬ್ಬಿಕೊಂಡು ಕೂರಬೇಕು. ಒಮ್ಮೆ ಆ ಸರದಿ ನನ್ನದಾಗಿತ್ತು. ಪ್ರತಿ ರೋಡ್ ಹಂಪ್‌ಗೂ ಅದು ತೊಡೆಯ ಮೇಲೆ ಕುಣಿಯಿತು.

ಕ್ಯಾಸೆಟ್ ಕ್ಯಾನಿನ ಬದಲು ಛೋಟು ಒಯ್ದರೆ ಒಂದು ಸಲಕ್ಕೆ ಉಳಿಯುವುದು 37 ರೂಪಾಯಿ. ಸೀಸನ್ನಿಗೆ ಹತ್ತು ಸಲ ಹೋದರೆ 370. ಆ ದುಡ್ಡಿಗೆ ನಾನು ಹನ್ನೆರಡು ಕೆಜಿ ತಬ್ಬಿಕೊಂಡು ಕೂರಲಾರೆ. ಕಾರು ಇದ್ದವರು, ಇಪ್ಪತ್ತು ಮಂದಿಗೆ ಅಡುಗೆ ಮಾಡುವವರು, ವಾರವಾರ ಹೋಗುವವರು ಛೋಟುವನ್ನೇ ಕೊಳ್ಳಲಿ, ಎರಡನೇ ಮಾತಿಲ್ಲ. ಬಸ್ಸು, ರೈಲಿನಲ್ಲಿ ಮಾತ್ರ ಈ ಮೂರರಲ್ಲಿ ಯಾವುದನ್ನೂ ಒಯ್ಯುವ ಹಾಗಿಲ್ಲ.

ಪಂಪ್ ಸ್ಟೋ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ನಮ್ಮ ಅಟ್ಟದ ಮೇಲೂ ಒಂದು ಹಿತ್ತಾಳೆಯದು ಇದೆ. ಚಿಮಣಿ ಎಣ್ಣೆ ಹುಡುಕಿಕೊಂಡು ಅಲೆಯಬೇಕು, ನಿಪ್ಪಲ್ಲಿಗೆ ಪಿನ್ ಹಾಕಬೇಕು, ಬ್ಯಾಗೆಲ್ಲಾ ವಾಸನೆ. ಬೇಡ.

ಕ್ಯಾಸೆಟ್ ಒಲೆಗೂ ಎರಡು ಕೊರತೆ ಇವೆ. ಒಂದು ಚಳಿ. ಬ್ಯೂಟೇನ್ ಆವಿಯಾಗುತ್ತಾ ಹೋದಂತೆ ಕ್ಯಾನು ತಾನೇ ತಣ್ಣಗಾಗುತ್ತದೆ. ಡಿಸೆಂಬರಿನ ನಸುಕಿನಲ್ಲಿ ಕ್ಯಾನಿನ ಕೊನೆಯ ಕಾಲು ಭಾಗ ಬಂತೆಂದರೆ ಉರಿ ಸೊರಗುತ್ತದೆ. ಹೊರಡುವ ಮೊದಲು ಕ್ಯಾನನ್ನು ಜಾಕೀಟಿನ ಒಳಗೆ ಇಟ್ಟುಕೊಂಡರೆ ಅಷ್ಟಕ್ಕೇ ಸಾಕಾಗುತ್ತದೆ. ಇನ್ನೊಂದು ರೊಟ್ಟಿ. ಬಿಸಿ ರೊಟ್ಟಿ ಬೇಕೆಂದು ಒಮ್ಮೆ ಮನೆಯ ಅಂಗಳದಲ್ಲಿ ಅವ್ವನ ದೊಡ್ಡ ಹಂಚು ಇಟ್ಟು ನೋಡಿದೆ. ಹಂಚು ಕ್ಯಾನಿನ ಗೂಡಿನ ಮೇಲೂ ಚಾಚಿತ್ತು. ಮೂರನೇ ರೊಟ್ಟಿಗೆ ಟಕ್ ಎಂದು ಕ್ಯಾನು ತಾನೇ ಹಿಂದೆ ಸರಿದು ಉರಿ ಆರಿತು. ಕ್ಯಾನು ಕಾದು ಒತ್ತಡ ಏರಿದರೆ ಬಿಡಿಸಿಕೊಳ್ಳುವ ಹಾಗೆ ಮಾಡಿರುತ್ತಾರೆ, ಪುಣ್ಯಕ್ಕೆ ಅದು ಕೆಲಸ ಮಾಡಿತು. ಸಾಲದ್ದಕ್ಕೆ ರೊಟ್ಟಿ ನಡುವೆ ಕರಕಲು, ಅಂಚು ಹಸಿ. ಅವ್ವ ಹಂಚು ಎತ್ತಿಕೊಂಡು ಒಳಗೆ ಹೋದಳು. "ಅದಕ್ಕ ಚಹಾದ ಬೋಗುಣಿ ಇಡೋ ತಮ್ಮಾ, ಹಂಚ ಬ್ಯಾಡ."

ಖಾಲಿ ಕ್ಯಾನಿಗೆ ಮನೆಯ ಸಿಲಿಂಡರಿನಿಂದ ಗ್ಯಾಸ್ ತುಂಬಿಸಿಕೋ, ಪುಕ್ಕಟೆ ಆಗುತ್ತದೆ ಎಂದು ಸಲಹೆ ಕೊಡುವವರು ಊರಲ್ಲಿ ಬಹಳ. ಮನೆಯ ಗ್ಯಾಸಿನಲ್ಲಿ ಪ್ರೊಪೇನ್ ಕೂಡ ಇರುತ್ತದೆ. 20 ಡಿಗ್ರಿಯಲ್ಲಿ ಪ್ರೊಪೇನಿನ ಒತ್ತಡ ಬ್ಯೂಟೇನಿನ ನಾಲ್ಕು ಪಟ್ಟು. ಆ ತೆಳು ತಗಡಿನ ಡಬ್ಬಿ ಅದಕ್ಕಾಗಿ ಮಾಡಿದ್ದಲ್ಲ. ಒಂದು ಹುಬ್ಬು ಕಳೆದುಕೊಂಡವನಿಗೆ ಇನ್ನೊಂದರ ಮೇಲೆ ಆಸೆ ಇದೆ.

ಬರುವ ಚಳಿಗಾಲಕ್ಕೆ ಕಪ್ಪತಗುಡ್ಡದ ಕಡೆಯೂ ಹೋಗೋಣ ಎಂದು ಗೆಳೆಯರು ಹೇಳುತ್ತಿದ್ದಾರೆ. ಅದು 2019ರಿಂದ ವನ್ಯಜೀವಿ ಧಾಮ, ಗುಡ್ಡದ ತುಂಬ ಒಣ ಹುಲ್ಲು. ಅಲ್ಲಿಗೆ ಮೂರೂ ಒಲೆ ಮನೆಯಲ್ಲೇ, ಥರ್ಮಾಸಿನ ಚಹಾ ಒಯ್ಯುತ್ತೇವೆ. ಮಾಗಡಿಗೆ ಮಾತ್ರ ಆರು ಕ್ಯಾನಿನ ಪೊಟ್ಟಣ ಈಗಲೇ ತಂದಿಟ್ಟಿದ್ದೇನೆ. ಒಂದೊಂದರ ಕಚ್ಚಿನ ಮೇಲೂ ಸ್ಕೆಚ್ ಪೆನ್ನಿನ ಗುರುತು ಹಾಕಿದ್ದೇನೆ. ಕ್ಯಾಸೆಟ್ ಒಲೆಗೆ ಅದು ಬೇಕಿಲ್ಲ, ಆದರೂ ಕೈ ಕೇಳಲಿಲ್ಲ.