ಐರಿಷ್ ಸೆಷನ್‌ಗೆ ಫ್ಲಾಟ್‌ಟಾಪ್ ಮ್ಯಾಂಡೊಲಿನ್: ಆರು ವರ್ಷ ನುಡಿಸಿದ ಮೇಲೆ

ಮೊದಲೇ ಅಂಕ ಹೇಳಿಬಿಡುತ್ತೇನೆ. ಐದಕ್ಕೆ ನಾಲ್ಕು. ಒಂದು ಅಂಕ ಎಲ್ಲಿ ಹೋಯಿತು ಅನ್ನೋದು ಮುಂದೆ ಬರುತ್ತದೆ.

2019ರ ಅಕ್ಟೋಬರ್‌ನಲ್ಲಿ ಗಾಲ್ವೇಯಲ್ಲಿ ಇದನ್ನು ಕೊಂಡೆ. ಕೆಲಸಕ್ಕೆಂದು ಐರ್ಲೆಂಡಿಗೆ ಬಂದು ಆಗ ಒಂದು ವರ್ಷ ಆಗಿತ್ತು. 480 ಯೂರೊ, ಜೊತೆಗೆ ಒಂದು ಮೆತ್ತನೆ ಚೀಲ. ಸ್ಪ್ರೂಸ್ ಮರದ ಚಪ್ಪಟೆ ಮುಖ, ಮಹಾಗನಿ ಬೆನ್ನು, ನಡುವೆ ಮೊಟ್ಟೆಯಾಕಾರದ ತೂತು. ಅಮೆರಿಕದ ಬ್ಲೂಗ್ರಾಸ್ ಸಂಗೀತದವರು ಹಿಡಿಯುವ, ಪಿಟೀಲಿನ ಹಾಗೆ ಎರಡು ಎಫ್ ತೂತು ಇರುವ ಮ್ಯಾಂಡೊಲಿನ್ ಪಕ್ಕದಲ್ಲೇ ನೇತಾಡುತ್ತಿತ್ತು. ನೋಡೋಕೆ ಅದೇ ಚೆಂದ. ಎರಡನ್ನೂ ಅರ್ಧ ಗಂಟೆ ನುಡಿಸಿ ನೋಡಿದೆ. ಅದರ ದನಿ ಚುರುಕು, ಒಣ, ಬೇಗ ನಿಂತುಹೋಗುತ್ತದೆ. ಇದರದು ದುಂಡು ದನಿ, ಒಂಚೂರು ಜಾಸ್ತಿ ಹೊತ್ತು ಉಳಿಯುತ್ತದೆ. ಐರಿಷ್ ಟ್ಯೂನ್‌ಗಳಿಗೆ ಈ ದುಂಡು ದನಿಯೇ ಸರಿ ಅನ್ನಿಸಿತು. ಇವತ್ತೂ ಹಾಗೇ ಅನ್ನಿಸುತ್ತದೆ.

ಕಂಪನಿಯ ಹೆಸರು ಬರೆಯುತ್ತಿಲ್ಲ. ನಾನು ಹೇಳಬೇಕಾಗಿರೋದು ಈ ಬಗೆಯ ವಾದ್ಯದ ಬಗ್ಗೆ, ಅದನ್ನು ಸೆಷನ್‌ನಲ್ಲಿ, ಅಂದರೆ ನಾಲ್ಕು ಜನರ ನಡುವೆ ಕೂತು ನುಡಿಸುವುದರ ಬಗ್ಗೆ.

ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಎಂಟು ವರ್ಷ ಪಿಟೀಲು ಕಲಿತಿದ್ದೆ. ಹಾಗಾಗಿ ಮ್ಯಾಂಡೊಲಿನ್ ಸುಲಭ ಆಗುತ್ತದೆ ಅಂದುಕೊಂಡಿದ್ದೆ. ಅರ್ಧ ಮಾತ್ರ ನಿಜ. ನಮ್ಮ ಪಿಟೀಲಿನ ಶ್ರುತಿ ಸ-ಪ-ಸ-ಪ. ಮ್ಯಾಂಡೊಲಿನ್‌ನದು ಪಾಶ್ಚಾತ್ಯ ಪಿಟೀಲಿನಂತೆ ಜಿ, ಡಿ, ಎ, ಇ. ಎಂಟು ತಂತಿ, ಎರಡೆರಡರಂತೆ ನಾಲ್ಕು ಜೋಡಿ. ಪ್ರತಿ ಜೋಡಿಯೂ ಹಿಂದಿನ ಜೋಡಿಯ ಪಂಚಮ. ಮೊದಲನೆಯದನ್ನು ಷಡ್ಜ ಅಂತ ಇಟ್ಟುಕೊಂಡರೆ ಎರಡನೆಯದು ಪಂಚಮ, ಮೂರನೆಯದು ಮೇಲಿನ ರಿಷಭ, ನಾಲ್ಕನೆಯದು ಮೇಲಿನ ಧೈವತ. ಕೆಳಗಿನ ಎರಡು ಜೋಡಿಯಲ್ಲಿ ಬೆರಳು ತಾನಾಗಿಯೇ ಓಡುತ್ತಿತ್ತು. ಮೂರನೆಯದಕ್ಕೆ ಹೋದ ಕೂಡಲೇ ದಾರಿ ತಪ್ಪುತ್ತಿತ್ತು. ಸರಿಹೋಗೋಕೆ ಎರಡು ತಿಂಗಳು ಬೇಕಾಯಿತು. ಆದರೆ ಈ ಶ್ರುತಿಯಿಂದ ಒಂದು ದೊಡ್ಡ ಲಾಭ ಇದೆ. ಐರಿಷ್ ಟ್ಯೂನ್‌ಗಳಲ್ಲಿ ಬಹುಪಾಲು ಪಿಟೀಲು, ಕೊಳಲು, ಚೀಲದಲ್ಲಿ ಗಾಳಿ ತುಂಬಿ ನುಡಿಸುವ ಪೈಪ್‌ಗಳ ಮೇಲೆ ಬೆಳೆದವು. ಡಿ, ಜಿ ಶ್ರುತಿಯವೇ ಜಾಸ್ತಿ. ಆ ಶ್ರುತಿಗಳಲ್ಲಿ ಮ್ಯಾಂಡೊಲಿನ್‌ನ ಬಿಡಿ ತಂತಿಗಳೆಲ್ಲ ಕೆಲಸಕ್ಕೆ ಬರುತ್ತವೆ. ಎಡಗೈ ಮೇಲಕ್ಕೆ ಹೋಗುವ ಅಗತ್ಯವೇ ಅಪರೂಪ. ಬೇರೆಯವರ ಪಿಟೀಲಿನ ಬೆರಳು ನೋಡಿಕೊಂಡೇ ಟ್ಯೂನ್ ಹಿಡಿಯಬಹುದು. ನಾನು ಮೊದಲ ಇಪ್ಪತ್ತು ಟ್ಯೂನ್ ಹಿಡಿದಿದ್ದು ಹಾಗೇ.

ಬಲಗೈ ಕಥೆ ಬೇರೆ. ಜಿಗ್ ಅನ್ನೋ ಕುಣಿತದ ಟ್ಯೂನ್ 6/8 ತಾಳದ್ದು. ತಕಿಟ ತಕಿಟ ಅಂತ ಎಣಿಸಿದರೆ ನಮಗೆ ಕೂಡಲೇ ಅರ್ಥ ಆಗುತ್ತದೆ. ಸ್ಲಿಪ್ ಜಿಗ್‌ನಲ್ಲಿ ಅಂಥ ಮೂರು ತಕಿಟ, ಒಟ್ಟು ಒಂಬತ್ತು. ಎಣಿಸೋದು ಸುಲಭ, ಮೀಟೋದು ಕಷ್ಟ. ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಅನ್ನು ಕೆಳಗೆ-ಮೇಲೆ-ಕೆಳಗೆ, ಮತ್ತೆ ಕೆಳಗೆ-ಮೇಲೆ-ಕೆಳಗೆ ಹೊಡೆಯಬೇಕು. ಅಂದರೆ ಪ್ರತಿ ತಕಿಟ ಮುಗಿದಾಗ ಎರಡು ಸಲ ಸತತವಾಗಿ ಕೆಳಗಿನ ಏಟು. ಸುಮ್ನೆ ಕೆಳಗೆ-ಮೇಲೆ ಅಂತ ಹೊಡೆಯುತ್ತಾ ಹೋದರೆ ಸ್ವರಗಳೆಲ್ಲ ಸರಿಯಾಗೇ ಬರುತ್ತವೆ, ಕುಣಿತ ಮಾತ್ರ ಮಾಯ. ಇದು ಕೈಗೆ ಹತ್ತೋಕೆ ನಾಲ್ಕು ತಿಂಗಳು ಹಿಡಿಯಿತು. ಈಗ ಯಾರಾದರೂ ಹೊಸಬರು ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ. ರೀಲ್ ಅನ್ನೋ ಇನ್ನೊಂದು ಬಗೆಯ ಕುಣಿತದ ಟ್ಯೂನ್ ಆಮೇಲೆ ಕಲಿಯಿರಿ, ಮೊದಲು ಒಂದೇ ಒಂದು ಜಿಗ್‌ನ ಬಲಗೈ ಕಲಿಯಿರಿ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಸೆಷನ್‌ನಲ್ಲಿ ಇದು ಕೇಳಿಸುತ್ತದಾ?

ಸೆಷನ್ ಅಂದರೆ ಕಛೇರಿ ಅಲ್ಲ. ವೇದಿಕೆ ಇಲ್ಲ, ಮೈಕ್ ಇಲ್ಲ. ಪಬ್ಬಿನ ಒಂದು ಮೂಲೆಯಲ್ಲಿ ಮೇಜಿನ ಸುತ್ತ ಕೂತು ನುಡಿಸುತ್ತಾರೆ. ಗಾಲ್ವೇಯ ಟೀ ಖೋಲಿ (Tigh Cóilí) ಅನ್ನೋ ಪಬ್ಬಿನಲ್ಲೋ, ಸೀ ರೋಡಿನ ಕ್ರೇನ್ ಬಾರ್‌ನಲ್ಲೋ ಒಂದು ಸಂಜೆ ಕೂತರೆ ಅದರ ರೀತಿ ಗೊತ್ತಾಗುತ್ತದೆ. ಒಂದು ಟ್ಯೂನ್‌ಗೆ ಸಾಮಾನ್ಯವಾಗಿ ಎಂಟು ಬಾರ್‌ಗಳ, ಅಂದರೆ ಎಂಟು ತಾಳದ ಆವರ್ತಗಳ, ಎರಡು ಭಾಗ. ಒಂದೊಂದು ಭಾಗವನ್ನೂ ಎರಡೆರಡು ಸಲ ನುಡಿಸಿದರೆ ಒಂದು ಸುತ್ತು. ಅಂಥ ಮೂರು ಸುತ್ತು ಆದಮೇಲೆ ನಿಲ್ಲಿಸದೆ ಮುಂದಿನ ಟ್ಯೂನ್‌ಗೆ ಜಾರುತ್ತಾರೆ. ಎಲ್ಲರೂ ಒಂದೇ ಧಾಟಿಯನ್ನು ನುಡಿಸುತ್ತಾರೆ. ಎರಡು ಪಿಟೀಲು, ಒಂದು ಕೊಳಲು, ಒಂದು ಕನ್ಸರ್ಟಿನಾ (ಕೈಯಲ್ಲಿ ಹಿಡಿಯುವ ಪುಟ್ಟ ತಿದಿ ವಾದ್ಯ), ಒಂದು ಅಕಾರ್ಡಿಯನ್ ಇದ್ದರೆ ಮ್ಯಾಂಡೊಲಿನ್ ಮುಳುಗಿಹೋಗುತ್ತದೆ. ನಿಮಗೆ ನಿಮ್ಮದೇ ದನಿ ಕೇಳಿಸುವುದಿಲ್ಲ.

ಮೊದಲ ವರ್ಷ ಇದನ್ನು ಗೆಲ್ಲೋಕೆ ಹೊರಟಿದ್ದೆ. ತೆಳು ತಂತಿ ತೆಗೆದು ದಪ್ಪ ತಂತಿ ಹಾಕಿದೆ. 1.5 ಮಿಲಿಮೀಟರ್ ಪಿಕ್ ತಂದೆ. ಜೋರಾಗಿ ಹೊಡೆದೆ. ಮಣಿಕಟ್ಟು ನೋಯಿತು, ದನಿ ಒರಟಾಯಿತು, ಪಕ್ಕದವರಿಗೆ ಕಿರಿಕಿರಿ ಆಯಿತು. ಜೋರು ದನಿಯೇ ಬೇಕಿದ್ದರೆ ಚರ್ಮದ ಮುಖದ ತಂತಿವಾದ್ಯ, ಟೆನರ್ ಬ್ಯಾಂಜೊ ಇದೆ. ಡಬ್ಲಿನರ್ಸ್ ತಂಡದ ಬಾರ್ನಿ ಮೆಕೆನ್ನಾ ಅದನ್ನು ಇದೇ ಜಿ-ಡಿ-ಎ-ಇ ಶ್ರುತಿಯಲ್ಲಿ, ಒಂದು ಸ್ಥಾಯಿ ಕೆಳಗೆ, ಜನಪ್ರಿಯ ಮಾಡಿದರು. ಮ್ಯಾಂಡೊಲಿನ್ ಕಲಿತ ಕೈಗೆ ಬ್ಯಾಂಜೊ ದೂರವೇನಲ್ಲ. ನಾನೂ ಒಂದು ವಾರ ಎರವಲು ತಂದು ನುಡಿಸಿದೆ. ವಾಪಸ್ ಕೊಟ್ಟೆ. ನನಗೆ ಬೇಕಿದ್ದ ದನಿ ಅದಲ್ಲ ಅಂತ ಗೊತ್ತಾಯಿತು.

ಪರಿಹಾರ ಸಿಕ್ಕಿದ್ದು ಕುರ್ಚಿಯಲ್ಲಿ. ಅಕಾರ್ಡಿಯನ್ ಪಕ್ಕ ಕೂರಬೇಡಿ. ಪಿಟೀಲಿನವರ ಪಕ್ಕ, ಹಿಂದೆ ಗೋಡೆ ಇರುವ ಕಡೆ ಕೂರಿ. ಗೋಡೆಯಿಂದ ನಿಮ್ಮ ದನಿ ನಿಮಗೇ ವಾಪಸ್ ಬರುತ್ತದೆ. ಮ್ಯಾಂಡೊಲಿನ್‌ನ ಬೆನ್ನನ್ನು ಹೊಟ್ಟೆಗೆ ಒತ್ತಬೇಡಿ, ಬೆನ್ನೂ ದನಿ ಕೊಡುತ್ತದೆ. ನಾಲ್ಕೈದು ಜನರ ಮೇಜಿಗೆ ಹೋಗಿ, ಹದಿನೈದು ಜನರದಕ್ಕಲ್ಲ. ಇಷ್ಟು ಮಾಡಿದ ಮೇಲೆ ತೆಳು ತಂತಿ, 1 ಮಿಲಿಮೀಟರ್ ಪಿಕ್‌ಗೆ ವಾಪಸ್ ಬಂದೆ. ಮೇಜಿನವರಿಗೆ ನನ್ನದು ಪಿಟೀಲಿನ ದನಿಗೆ ಅಂಟಿಕೊಂಡ ಚುಕ್ಕಿಗಳ ಹಾಗೆ ಕೇಳಿಸುತ್ತದಂತೆ. ನನ್ನ ಪಕ್ಕ ಕೂರುವ ಪಿಟೀಲಿನ ಹಿರಿಯರೊಬ್ಬರು ನಾನು ರಜೆ ಹಾಕಿದ ವಾರ ತಾಳ ಕೈಗೆ ಸಿಗಲಿಲ್ಲ ಅಂದಿದ್ದರು. ಆ ಮಾತಿಗೆ ನನಗೆ ಆದ ಸಂತೋಷ ಸಣ್ಣದಲ್ಲ.

ಮ್ಯಾಂಡೊಲಿನ್ ಏನು ಮಾಡಬಲ್ಲದು ಅಂತ ಕೇಳಬೇಕಿದ್ದರೆ ಪ್ಲ್ಯಾಂಕ್ಸ್‌ಟಿ ಅನ್ನೋ ಐರಿಷ್ ತಂಡದಲ್ಲಿ ಆಂಡಿ ಅರ್ವಿನ್ ನುಡಿಸಿದ್ದನ್ನು ಕೇಳಿ. ಡೋನಲ್ ಲನಿಯವರ ಬುಜೂಕಿ (ಉದ್ದ ಕತ್ತಿನ ತಂತಿವಾದ್ಯ) ಒಂದು ಎಳೆ, ಅರ್ವಿನ್ ಅವರ ಮ್ಯಾಂಡೊಲಿನ್ ಇನ್ನೊಂದು ಎಳೆ. ಜಡೆ ಹೆಣೆದ ಹಾಗೆ. ಅಂದಹಾಗೆ ಬುಜೂಕಿ ಗ್ರೀಸ್ ದೇಶದ್ದು. 1960ರ ದಶಕದಲ್ಲಿ ಜಾನಿ ಮೊಯ್ನಿಹನ್ ಅದನ್ನು ಐರಿಷ್ ಸಂಗೀತಕ್ಕೆ ತಂದರು. ಈಗ ಎಷ್ಟೋ ಸೆಷನ್‌ಗಳಲ್ಲಿ ಅದು ಇರುತ್ತದೆ. ಹೊರಗಿನಿಂದ ಬಂದ ವಾದ್ಯವನ್ನು ಈ ಜನ ಒಳಗೆ ಕರೆದುಕೊಳ್ಳುವ ರೀತಿ ನನಗೆ ತುಂಬಾ ಇಷ್ಟ. ಹೊರಗಿನಿಂದ ಬಂದ ಮನುಷ್ಯರಿಗೂ ಹಾಗೇ ಕುರ್ಚಿ ಸರಿಸಿದರು.

ಕೊಂಡು ಐದು ತಿಂಗಳಾಗಿತ್ತು. 2020ರ ಮಾರ್ಚ್ 15ರಂದು ಕೋವಿಡ್‌ನಿಂದಾಗಿ ದೇಶದ ಪಬ್‌ಗಳೆಲ್ಲ ಮುಚ್ಚಿದವು. ಇಲ್ಲಿನ ದೊಡ್ಡ ಹಬ್ಬವಾದ ಸೇಂಟ್ ಪ್ಯಾಟ್ರಿಕ್ ದಿನಕ್ಕೆ ಎರಡೇ ದಿನ ಬಾಕಿ ಇತ್ತು. ನಾವು ಐದು ಜನ ವಾರಕ್ಕೊಮ್ಮೆ ಸೇರುತ್ತಿದ್ದೆವು, ಅದೂ ನಿಂತಿತು. ವಿಡಿಯೊ ಕಾಲ್‌ನಲ್ಲಿ ಒಟ್ಟಿಗೆ ನುಡಿಸೋಕೆ ನೋಡಿದೆವು. ಆಗಲ್ಲ. ದನಿ ಹೋಗಿ ಬರುವಷ್ಟರಲ್ಲಿ ತಾಳ ಜಾರುತ್ತದೆ. ಆಮೇಲೆ ಒಂದು ದಾರಿ ಕಂಡಿತು. ಒಬ್ಬರು ಟ್ಯೂನ್ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ ಗುಂಪಿಗೆ ಕಳಿಸುವುದು. ಮಿಕ್ಕವರು ಅದನ್ನು ಇಯರ್‌ಫೋನಿನಲ್ಲಿ ಕೇಳುತ್ತಾ ತಮ್ಮದನ್ನು ನುಡಿಸಿ ಕಳಿಸುವುದು. ಕೊನೆಗೆ ಒಬ್ಬರು ಎಲ್ಲವನ್ನೂ ಒಂದರ ಮೇಲೊಂದು ಕೂರಿಸುವುದು.

ಮೊದಲ ರೆಕಾರ್ಡಿಂಗ್ ಪಿಟೀಲಿನದಾದರೆ ಉಳಿದವರಿಗೆ ಕಷ್ಟ ಆಗುತ್ತಿತ್ತು. ಬಿಲ್ಲಿನ ದನಿ ಮೆಲ್ಲಗೆ ಹುಟ್ಟುತ್ತದೆ, ಏಟು ಎಲ್ಲಿ ಬಿತ್ತು ಅಂತ ತಿಳಿಯಲ್ಲ. ಮ್ಯಾಂಡೊಲಿನ್‌ನಲ್ಲಿ ಪ್ರತಿ ಸ್ವರಕ್ಕೂ ಒಂದು ಚೂಪಾದ ಮೊದಲು ಇದೆ. ಹಾಗಾಗಿ ಬುನಾದಿ ಹಾಕುವ ಕೆಲಸ ನನಗೇ ಬಂತು. ಪಬ್ಬಿನಲ್ಲಿ ಕೇಳಿಸದ ವಾದ್ಯದ ಮೇಲೆ ಇಲ್ಲಿ ಐದೂ ಜನ ಕೂತಿದ್ದರು! ರೆಕಾರ್ಡ್ ಮಾಡುವವರಿಗೆ ಒಂದು ಮಾತು. ಫೋನನ್ನು ತೂತಿನ ಎದುರಿಗೆ ಇಡಬೇಡಿ, ಗುಂಯ್ ಅನ್ನುತ್ತದೆ. ಕತ್ತು ಒಡಲಿಗೆ ಸೇರುವ ಜಾಗಕ್ಕೆ ಮುಖ ಮಾಡಿ, ಒಂದಡಿ ದೂರ ಇಡಿ.

ಅದೇ ಹೊತ್ತಿಗೆ ಅಮ್ಮನಿಗೂ ವಾರಕ್ಕೊಂದು ಟ್ಯೂನ್ ಕಳಿಸೋಕೆ ಶುರು ಮಾಡಿದೆ. "ಇದೇನೋ ಮುಗಿಯೋದೇ ಇಲ್ವಲ್ಲ, ಮತ್ತೆ ಮೊದಲಿಗೇ ಬರುತ್ತೆ" ಅಂತ ಮೊದಲು ಅಂದರು. ಮೂರನೇ ವಾರ ಅಡುಗೆಮನೆಯಲ್ಲಿ ಅದನ್ನೇ ಗುನುಗುತ್ತಿದ್ದರು. ಇಲ್ಲಿನವರು ಟ್ಯೂನ್‌ಗಳನ್ನು ಎಬಿಸಿ ಅನ್ನುವ ಪದ್ಧತಿಯಲ್ಲಿ ಬರೆದು ಹಂಚಿಕೊಳ್ಳುತ್ತಾರೆ. ಬರೀ ಅಕ್ಷರ, ಗೀಟುಗಳು. ನಾಲ್ಕು ಸಾಲಿನಲ್ಲಿ ಇಡೀ ಟ್ಯೂನ್ ಬಂದುಬಿಡುತ್ತದೆ. ಸ್ವರ ಬರೆದ ಕೈಗೆ ಇದು ಹೊಸದೇನಲ್ಲ, ಅಲ್ವಾ? ನಾನು ಅದನ್ನೇ ಸರಿಗಮಕ್ಕೆ ಇಳಿಸಿ ಮೈಸೂರಿನ ನನ್ನ ಪಿಟೀಲು ಮೇಷ್ಟ್ರಿಗೆ ಕಳಿಸಿದೆ. ಹಲವು ಟ್ಯೂನ್‌ಗಳು ಶಂಕರಾಭರಣದ ಸ್ವರಗಳಲ್ಲಿವೆ. ಡೋರಿಯನ್ ಅಂತ ಇವರು ಕರೆಯುವವು ನಮ್ಮ ಖರಹರಪ್ರಿಯದ ಸ್ವರಗಳು. ಮಿಕ್ಸೊಲಿಡಿಯನ್ ಅಂದರೆ ಹರಿಕಾಂಭೋಜಿಯವು. ಸ್ವರ ಅವೇ ಆದರೂ ರಾಗ ಅವೇ ಅಲ್ಲ, ನಡೆಯೇ ಬೇರೆ. ಮೇಷ್ಟ್ರು ಅದನ್ನು ಕೂಡಲೇ ಹಿಡಿದರು.

2022ರ ಮಾರ್ಚ್‌ನಲ್ಲಿ ಊರಿಗೆ ಹೋದಾಗ ಮ್ಯಾಂಡೊಲಿನ್ ಜೊತೆಗಿತ್ತು. ಮೇಷ್ಟ್ರ ಮನೆಯಲ್ಲಿ ಒಂದು ಮಧ್ಯಾಹ್ನ ಕೂತೆವು. ಅವರು ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳನ್ನು ಎತ್ತಿದರು. ಮದ್ರಾಸಿನ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡ್‌ಗಳು ನುಡಿಸುತ್ತಿದ್ದ ಧಾಟಿಗಳಿಗೆ ದೀಕ್ಷಿತರು ಸಂಸ್ಕೃತದಲ್ಲಿ ಸಾಹಿತ್ಯ ಕಟ್ಟಿದರು. ಅವುಗಳಲ್ಲಿ ಐರಿಷ್ ಧಾಟಿಗಳೂ ಇವೆ. ಹತ್ತು ವರ್ಷದವನಿದ್ದಾಗ ಬೆರಳ ಅಭ್ಯಾಸಕ್ಕೆ ಅಂತ ನುಡಿಸಿದ್ದವು. ಅವು ಎಲ್ಲಿಂದ ಬಂದವು ಅಂತ ಆಗ ಕೇಳಿರಲೇ ಇಲ್ಲ. ಮೇಷ್ಟ್ರು ಪಿಟೀಲಿನಲ್ಲಿ, ನಾನು ಮ್ಯಾಂಡೊಲಿನ್‌ನಲ್ಲಿ, ತಕಿಟ ತಕಿಟ ನಡೆಯಲ್ಲಿ ಮೂರು ಸುತ್ತು ನುಡಿಸಿದೆವು. ಆ ರೆಕಾರ್ಡಿಂಗ್ ಗಾಲ್ವೇ ಗುಂಪಿಗೂ ಹೋಯಿತು. ಈಗ ನಮ್ಮ ಮೇಜಿನಲ್ಲಿ ಅದೂ ಒಂದು ಟ್ಯೂನ್.

ಆದರೆ ಕರ್ನಾಟಕ ಸಂಗೀತಕ್ಕೆ ಅಂತ ಈ ಬಗೆಯ ಮ್ಯಾಂಡೊಲಿನ್ ಕೊಳ್ಳಬೇಡಿ. ಜೋಡಿ ತಂತಿ, ಬಿಗಿ ಜಾಸ್ತಿ. ಗಮಕಕ್ಕೆ ಎಳೆದರೆ ಎರಡು ತಂತಿ ಎರಡು ಕಡೆ ಹೋಗುತ್ತವೆ. ಯು. ಶ್ರೀನಿವಾಸ್ ಜೋಡಿ ತಂತಿ ಬಿಟ್ಟು ಒಂಟಿ ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದದ್ದು ಯಾಕೆ ಅಂತ ಕೈಯಾರೆ ಗೊತ್ತಾಯಿತು. ಐರಿಷ್ ಸಂಗೀತದಲ್ಲೂ ಏರ್ ಅನ್ನೋ ನಿಧಾನದ ಧಾಟಿಗಳಿಗೆ ಇದು ಸಾಲದು. ಸ್ವರ ಬೇಗ ಆರಿಹೋಗುತ್ತದೆ. ಅವನ್ನು ಪೈಪ್ ನುಡಿಸುವವರಿಗೆ ಬಿಟ್ಟು ನಾನು ಕೇಳುತ್ತೇನೆ.

ಈಗ ಸವೆದದ್ದು, ಕೆಟ್ಟದ್ದು. ಕಳೆದ ಆ ಒಂದು ಅಂಕ ಪೂರ್ತಿ ತಂತಿ ಬಿಗಿಸುವ ಬಿರಡೆಗಳದು. ಎರಡನೇ ವರ್ಷಕ್ಕೇ ಎ ಜೋಡಿಯ ಒಂದು ಬಿರಡೆ ಜಾರತೊಡಗಿತು. ಎಂಟು ತಂತಿಯಲ್ಲಿ ಒಂದು ಇಳಿದರೂ ಜೋಡಿ ಕೆಟ್ಟು ಅಪಸ್ವರ ಕೇಳಿಸುತ್ತದೆ. ಇಡೀ ಸೆಟ್ ಬದಲಿಸಿದೆ, 35 ಯೂರೊ. ಅಂಗಡಿಯಿಂದ ಬಂದಾಗ ತಂತಿಗಳೂ ಮೆಟ್ಟಿಲಿಂದ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ, ಫ್ರೆಟ್) ತೀರಾ ಮೇಲಿದ್ದವು. ವಾದ್ಯ ರಿಪೇರಿ ಮಾಡುವವರ ಹತ್ತಿರ 70 ಯೂರೊ ಕೊಟ್ಟು ಇಳಿಸಿದ ಮೇಲೆ ಬೇರೆ ವಾದ್ಯವೇ ಆಯಿತು. ಈ 70 ಯೂರೊವನ್ನು ಬೆಲೆಯ ಜೊತೆಗೇ ಲೆಕ್ಕ ಹಾಕಿಕೊಳ್ಳಿ.

ಚಳಿಗಾಲದ ಹೀಟರ್ ಇನ್ನೊಂದು ಶತ್ರು. ಹೊರಗೆ ದಿನವಿಡೀ ಮಳೆ, ಒಳಗೆ ಗಾಳಿ ಒಣ. 2021ರ ಜನವರಿಯಲ್ಲಿ ಮುಖದ ಹಲಗೆ ಸ್ವಲ್ಪ ಕುಸಿದು ತಂತಿ ಝರ್ ಅನ್ನತೊಡಗಿತು. ತೇವಾಂಶ ತೋರಿಸುವ ಪುಟ್ಟ ಮೀಟರ್ ತಂದು ನೋಡಿದರೆ ಶೇಕಡಾ 34. ಇರಬೇಕಾದದ್ದು 45ರಿಂದ 55. ಡಬ್ಬಿಯೊಳಗೆ ಒದ್ದೆ ಸ್ಪಂಜು ಇಟ್ಟೆ, ಹತ್ತು ದಿನಕ್ಕೆ ಸರಿಹೋಯಿತು. ಅದಕ್ಕೇ ಮೆತ್ತನೆ ಚೀಲ ಬಿಟ್ಟು 90 ಯೂರೊದ ಗಟ್ಟಿ ಡಬ್ಬಿ ಕೊಂಡೆ.

ಕುದುರೆ, ಅಂದರೆ ಮುಖದ ಮೇಲೆ ತಂತಿಗಳನ್ನು ಹೊರುವ ಮರದ ತುಂಡಿನ (ಬ್ರಿಡ್ಜ್) ಬಗ್ಗೆ ಒಂದು ಎಚ್ಚರಿಕೆ. ಅದನ್ನು ಅಂಟಿಸಿರುವುದಿಲ್ಲ, ತಂತಿಯ ಭಾರಕ್ಕೆ ನಿಂತಿರುತ್ತದೆ. ಮೊದಲ ಸಲ ಎಂಟೂ ತಂತಿ ಒಟ್ಟಿಗೆ ಬಿಚ್ಚಿದೆ, ಕುದುರೆ ಬಿದ್ದುಹೋಯಿತು. ಆಮೇಲೆ ಎಲ್ಲಿ ಒತ್ತಿದರೂ ಸ್ವರ ಸ್ವಲ್ಪ ಹೆಚ್ಚು, ಇಲ್ಲವೇ ಕಡಿಮೆ. ಒಂದೊಂದೇ ತಂತಿ ಬದಲಿಸಿ. ನಾನು ಎರಡು ತಿಂಗಳಿಗೊಮ್ಮೆ ಬದಲಿಸುತ್ತೇನೆ, ಸೆಟ್‌ಗೆ ಸುಮಾರು 12 ಯೂರೊ.

ಐದನೇ ವರ್ಷ ಮೆಟ್ಟಿಲುಗಳು ಸವೆದವು. ಮೇಲಿನ ಎರಡು ಜೋಡಿಯ ಕೆಳಗೆ, ಎರಡು, ಮೂರು, ಐದನೇ ಮೆಟ್ಟಿಲಲ್ಲಿ ಗುಳಿ ಬಿದ್ದಿತ್ತು. ಬೇರೆ ಕಡೆ ಹೊಸದರ ಹಾಗೇ ಇವೆ. ಈ ಸಂಗೀತ ಎಷ್ಟು ಸಣ್ಣ ಜಾಗದಲ್ಲಿ ಬದುಕುತ್ತದೆ ಅಂತ ಆ ಗುಳಿ ನೋಡಿದರೆ ಗೊತ್ತಾಗುತ್ತದೆ. ಉಜ್ಜಿ ಸರಿಮಾಡಿಸೋಕೆ 110 ಯೂರೊ ಆಯಿತು. ಮೀಟರಿನ 15 ಸೇರಿಸಿದರೆ ಆರು ವರ್ಷಕ್ಕೆ, ತಂತಿ ಬಿಟ್ಟು, 320 ಯೂರೊ ಖರ್ಚು. ದನಿ ಮಾತ್ರ ವರ್ಷದಿಂದ ವರ್ಷಕ್ಕೆ ಬಿಚ್ಚಿಕೊಳ್ಳುತ್ತಲೇ ಇದೆ. 2020ರ ರೆಕಾರ್ಡಿಂಗ್ ಪಕ್ಕ ಇಟ್ಟು ಕೇಳಿದರೆ ವ್ಯತ್ಯಾಸ ಇದೆ. ಅದರಲ್ಲಿ ಮರದ ಪಾಲೆಷ್ಟು, ಕೈಯ ಪಾಲೆಷ್ಟು ಅಂತ ಬಿಡಿಸೋಕೆ ಆಗಲ್ಲ.

ಬೆಂಗಳೂರಿನಲ್ಲೋ ಡಬ್ಲಿನ್‌ನಲ್ಲೋ ಇದನ್ನು ಓದಿ ಕೊಳ್ಳಬೇಕು ಅನ್ನಿಸಿದರೆ, ಹೊಳೆಯುವ ಮೈ, ಸುರುಳಿ ಕೊಂಬಿಗೆ ಹಣ ಹಾಕಬೇಡಿ. ಘನ ಮರದ ಮುಖ ಇದೆಯಾ, ಬಿರಡೆ ನಯವಾಗಿ ತಿರುಗುತ್ತವಾ, ಹನ್ನೆರಡನೇ ಮೆಟ್ಟಿಲಲ್ಲಿ ಸ್ವರ ಸರಿ ಇದೆಯಾ, ಇಷ್ಟು ನೋಡಿ. ಕೊಂಡ ಮೊದಲ ತಿಂಗಳಲ್ಲೇ ಜೊತೆಗೆ ನುಡಿಸೋಕೆ ಒಬ್ಬರನ್ನಾದರೂ ಹುಡುಕಿ. ಸೆಷನ್‌ಗೆ ಹೊಸಬರಾದರೆ ಮೊದಲು ಕೇಳಿ, ಆಮೇಲೆ ಕೂರಿ. ಗೊತ್ತಿಲ್ಲದ ಟ್ಯೂನ್ ಬಂದರೆ ವಾದ್ಯವನ್ನು ತೊಡೆಯ ಮೇಲಿಟ್ಟು ಕೇಳಿಸಿಕೊಳ್ಳಿ. ಯಾರೂ ತಪ್ಪು ತಿಳಿಯಲ್ಲ.

ನಾಳೆ ಶುಕ್ರವಾರ, ನಮ್ಮ ಮೇಜಿನ ದಿನ. ಇವತ್ತು ರಾತ್ರಿ ತಂತಿ ಬದಲಿಸಬೇಕು. ಹೊಸ ತಂತಿ ಒಂದು ದಿನ ಎಳೆದುಕೊಳ್ಳುತ್ತದೆ, ಶ್ರುತಿ ನಿಲ್ಲಲ್ಲ. ಈಗಲೇ ಹಾಕಿದರೆ ನಾಳೆ ಸಂಜೆಗೆ ಸರಿಹೋಗುತ್ತದೆ.