ಬ್ರೈಯರ್ ಪೈಪ್ ಕಿಟ್: ತೂತಿಗೆ ಕೊಟ್ಟ ದುಡ್ಡು ಸಾರ್ಥಕ, ಬಣ್ಣದ ಸೀಸೆ ದಂಡ

ತಂಬಾಕು ಸೇದುವ ಪೈಪನ್ನು ನಾವೇ ಕೆತ್ತಿಕೊಳ್ಳುವ ಕಿಟ್ ಇದು: ತೂತು ಕೊರೆದೇ ಬರುವ ಬ್ರೈಯರ್ ಮರದ ತುಂಡು, ಅದಕ್ಕೆ ಕೂರಿಸಿದ ವಲ್ಕನೈಟ್ (ಗಡಸು ರಬ್ಬರ್) ಬಾಯಿತುಂಡು, ಮೂರು ಉಪ್ಪುಕಾಗದ, ಪುಟ್ಟ ಸೀಸೆಯಲ್ಲಿ ಬಣ್ಣ, ಒಂದು ಚೂರು ಮೇಣ. ದುಡ್ಡು ಕೊಡುವುದು ಮೊದಲ ಎರಡಕ್ಕೆ ಮಾತ್ರ ಅಂದುಕೊಂಡು ಕೊಂಡರೆ ಈ ಬಗೆಯ ಕಿಟ್ ನಷ್ಟವಲ್ಲ.

ಮೊದಲು ಮರ. ಬ್ರೈಯರ್ ಅಂದರೆ ಮೆಡಿಟರೇನಿಯನ್ ಸೀಮೆಯ ಎರಿಕಾ ಆರ್ಬೋರಿಯಾ ಪೊದೆಯ ಬುಡಗಂಟು. ಕೊಯ್ದ ಮೇಲೆ ಗಂಟೆಗಟ್ಟಲೆ ಕುದಿಸಿ ಒಗರು ಬಿಡಿಸಿ, ತಿಂಗಳುಗಟ್ಟಲೆ ನೆರಳಲ್ಲಿ ಆರಿಸಬೇಕು. ಆರಿಸುವಾಗ ಆತುರಪಟ್ಟಿದ್ದರೆ ತುಂಡಿನ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ. ಅಂಥದ್ದನ್ನು ವಾಪಸ್ ಕಳಿಸಿ. ಅನುಮಾನವಿದ್ದರೆ ಒಂದು ವಾರ ದಿನಾ ತೂಗಿ ನೋಡಿ. ತೂಕ ಇಳಿಯುತ್ತಲೇ ಇದ್ದರೆ ಒಳಗಿನ್ನೂ ಹಸಿ ಇದೆ ಎಂದೇ ಅರ್ಥ.

ತೂತುಗಳ ಕೆಲಸ ಅಚ್ಚುಕಟ್ಟು. ಹೊಗೆಯ ದಾರಿ 4 ಮಿ.ಮೀ., ತಂಬಾಕು ತುಂಬುವ ಬಟ್ಟಲಿನ ತಳದ ನಟ್ಟನಡುವೆಯೇ ಬಾಯಿ ತೆರೆಯುತ್ತದೆ. ಅದು ಎರಡು ಮಿ.ಮೀ. ಮೇಲೆ ತೆರೆದುಕೊಂಡರೂ ತಳದ ತಂಬಾಕು ಒದ್ದೆಯಾಗಿ, ಸುಡದೆ ಉಳಿಯುತ್ತದೆ. ಬಾಯಿತುಂಡು ಹಾಕಿಕೊಂಡೇ ಪೈಪ್ ಕ್ಲೀನರ್ ತೂರಿಸಿ ನೋಡಿ, ಎಲ್ಲೂ ತಡೆಯಬಾರದು.

ಆಕಾರ ಕೊಡುವಾಗ ಬಟ್ಟಲಿನ ಗೋಡೆ 6 ಮಿ.ಮೀ.ಗಿಂತ ತೆಳುವಾಗದಿರಲಿ, ಕೈ ಸುಡುತ್ತದೆ. ಬಾಯಿತುಂಡನ್ನು ಕಳಚಿ ಬೇರೆಯಾಗಿ ಉಜ್ಜಬೇಡಿ. ಅಂಚು ದುಂಡಗಾಗಿ, ಜೋಡಿಸಿದಾಗ ಸುತ್ತ ಒಂದು ಕಪ್ಪು ಗೆರೆ ಉಳಿಯುತ್ತದೆ, ಆಮೇಲೆ ಏನು ಮಾಡಿದರೂ ಹೋಗದು. ಅರ ಹಾಕುತ್ತಾ ಹೋದಂತೆ ಸೂಜಿಮೊನೆಯಷ್ಟು ಗುಳಿಗಳೂ ಏಳುತ್ತವೆ. ಅದು ಬ್ರೈಯರ್‌ನ ಹುಟ್ಟುಗುಣ, ಮಾರಿದವರ ತಪ್ಪಲ್ಲ. ಅಂಟು ಮತ್ತು ಮರದ ಪುಡಿಯಿಂದ ಮುಚ್ಚಬಹುದು, ಆದರೆ ಅಂಟು ಬಣ್ಣ ಹೀರುವುದಿಲ್ಲ, ಪೇಲವ ಚುಕ್ಕೆ ಎದ್ದು ಕಾಣುತ್ತದೆ. ಗುಳಿ ದೊಡ್ಡದಿದ್ದರೆ ಆ ಭಾಗವನ್ನು ಉಳಿಯಿಂದ ಕೆತ್ತಿ ಒರಟು ಮಾಡಿಬಿಡುವುದೇ ಲೇಸು.

ಇನ್ನು ದಂಡದ ಭಾಗ. ಕಿಟ್‌ನ ಉಪ್ಪುಕಾಗದ 100ನೇ ನಂಬರಿನಿಂದ ನೇರ 240ಕ್ಕೆ ಹಾರುತ್ತದೆ (ನಂಬರು ಹೆಚ್ಚಿದಷ್ಟೂ ಕಾಗದ ನಯ). 100ರ ಗೀರು 240ಕ್ಕೆ ಹೋಗುವುದಿಲ್ಲ, ಸುಮ್ಮನೆ ಅಡಗಿ ಕೂತು ಬಣ್ಣ ಬಿದ್ದ ಕ್ಷಣ ಎದ್ದು ನಿಲ್ಲುತ್ತದೆ. 150, 220, 320, 400, 600 ಅಂತ ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಪ್ರತಿ ಸಲ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿಯಿರಿ. ನಾರಿಗೆ ಅಡ್ಡ ಬಿದ್ದ ಗೀರು ಆಗ ಸಿಕ್ಕಿಬೀಳುತ್ತದೆ. 320 ಆದ ಮೇಲೆ ಒದ್ದೆ ಬಟ್ಟೆ ಸವರಿ, ಎದ್ದ ನಾರು ಒಣಗಿದ ಮೇಲೆ 400 ಹಿಡಿಯಿರಿ.

ಸೀಸೆಯ ಬಣ್ಣ ನೀರಿನದು, ಸವರಿದ ಕೂಡಲೇ ನಾರನ್ನು ಮತ್ತೆ ಎಬ್ಬಿಸುತ್ತದೆ. ಸ್ಪಿರಿಟ್‌ನಲ್ಲಿ ಕರಗಿಸಿದ ಅನಿಲೀನ್ ಬಣ್ಣ ತನ್ನಿ. ಬಟ್ಟಲಿಗೆ ಬಿರಡೆ ಹಾಕಿ, ಮೊದಲು ಕಪ್ಪು ಹಚ್ಚಿ, ಒಣಗಿದ ಮೇಲೆ 400ರಲ್ಲಿ ಉಜ್ಜಿ. ಮೈಮೇಲಿನ ಕಪ್ಪು ಹೋಗಿ, ಬಣ್ಣ ಹೆಚ್ಚು ಹೀರಿದ ಎಳೆಗಳಲ್ಲಷ್ಟೇ ಉಳಿಯುತ್ತದೆ. ಅದರ ಮೇಲೆ ತಿಳಿಗಂದು ಕೊಟ್ಟರೆ ಪಕ್ಕದ ಗೆರೆಗಳು ಜ್ವಾಲೆಯಂತೆ, ಅಡ್ಡಕೊಯ್ತದ ಮುಖ ಹಕ್ಕಿಗಣ್ಣಿನ ಚುಕ್ಕೆಗಳಂತೆ ಬಿಡಿಸಿಕೊಳ್ಳುತ್ತವೆ.

ಮೇಣದ ಚೂರನ್ನು ಕೈಯಲ್ಲಿ ಎಷ್ಟು ತಿಕ್ಕಿದರೂ ಮಬ್ಬೇ. ಅದು ಕರ್ನೌಬಾ ಎಂಬ ಗಟ್ಟಿ ಮೇಣ, ಕರಗಲು 80 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು, ಆ ಬಿಸಿ ತಿರುಗುವ ಬಟ್ಟೆಯ ಚಕ್ರದ ಉಜ್ಜಾಟದಿಂದಲೇ ಬರಬೇಕು. ಒರಟು ಪಾಲಿಶ್ ಟ್ರಿಪೋಲಿಗೆ ಒಂದು, ನಯವಾದ ಪಾಲಿಶ್ ವೈಟ್ ಡೈಮಂಡ್‌ಗೆ ಒಂದು, ಕರ್ನೌಬಾಗೆ ಒಂದು ಚಕ್ರ. ಬೆರೆಸಿದರೆ ಒರಟು ಪುಡಿ ನುಣುಪಿಗೆ ಗೀರು ಹಾಕುತ್ತದೆ. ವಾರ್ನಿಶ್ ಬೇಡವೇ ಬೇಡ, ಬಟ್ಟಲು ಕಾದಾಗ ಗುಳ್ಳೆ ಎದ್ದು ಸಿಪ್ಪೆ ಏಳುತ್ತದೆ.

ಕೊನೆಗೊಂದು ಆಯ್ಕೆ: ವಲ್ಕನೈಟ್ ಹಲ್ಲಿಗೆ ಹಿತ, ಆದರೆ ಬಿಸಿಲಿಗೆ ಕಂದಾಗುತ್ತದೆ. ಆಗಾಗ ಉಜ್ಜುವ ತಾಳ್ಮೆ ಇಲ್ಲದವರು ಅದೇ ಕಿಟ್‌ನ ಅಕ್ರಿಲಿಕ್ ಬಗೆಯನ್ನೇ ತರಿಸಿ.